ನೂರಕ್ಕೆ ತೊಂಬತ್ತೊಂದು ಮಂದಿ ತೃಪ್ತರು

ಮಗಳ ಲಗ್ನದ ಜಂಪರುಗಳು ಇನ್ನೂ ಸಿದ್ಧವಾಗಿಲ್ಲ ಎಂಬುದನ್ನು ಕೇಳಿ ಕೊಲ್ಹಾರದ ಸಾತವ್ವ ಸಿಟ್ಟು ಮಾಡಲಿಲ್ಲ. ಕೈಚೀಲದಿಂದ ನಾಲ್ಕು ಮಡಿಕೆಯ ದಿನಪತ್ರಿಕೆಯೊಂದನ್ನು ತೆಗೆದು ಶಂಕ್ರೆವ್ವನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರವಿದಳು.

“ನೀ ಕರೆಂಟ್ ಇರಲಿಲ್ಲ ಅಂತಿ. ಇಲ್ಲಿ ನೋಡಿದ್ರ ನಿಮ್ಮೂರು ಫಸ್ಟ್ ಬಂದೈತಿ ಅಂತ. ಅಳಿಯ ಆಗಾಂವ ಓದಿ ಹೇಳ್ಯಾನ. ನಾ ಯಾರ ಮಾತ ನಂಬ್ಲಿ, ಹೇಳವ್ವಾ?”

ಶಂಕ್ರೆವ್ವ ಕನ್ನಡಕ ಏರಿಸಿಕೊಂಡು ಬಾಗಿಲ ಬೆಳಕಿಗೆ ಹಿಡಿದು ಓದಿದಳು. ಒಳಗೆ ಆ ಹೊತ್ತಿಗೂ ಕರೆಂಟ್ ಇರಲಿಲ್ಲ. ಸುದ್ದಿ ಚಿಕ್ಕದು. ವಿದ್ಯುತ್ ಕಂಪನಿ ನಾಲ್ಕು ತಾಲ್ಲೂಕುಗಳಲ್ಲಿ ಗ್ರಾಹಕರ ಅಭಿಪ್ರಾಯ ಸಂಗ್ರಹಿಸಿತ್ತು. ಸಿಂದಗಿಯಲ್ಲಿ ನೂರಕ್ಕೆ ಎಪ್ಪತ್ಮೂರು, ಇಂಡಿಯಲ್ಲಿ ಎಪ್ಪತ್ತೆಂಟು, ಬಸವನ ಬಾಗೇವಾಡಿಯಲ್ಲಿ ಎಂಬತ್ನಾಲ್ಕು ಮಂದಿ ಕಂಪನಿಯ ಸೇವೆಯಿಂದ ತೃಪ್ತರು. ಎಲ್ಲಕ್ಕಿಂತ ಮೇಲೆ ಮುದ್ದೇಬಿಹಾಳ: ತೊಂಬತ್ತೊಂದು.

“ಯಾರನ್ನ ಕೇಳಿ ಬರದಾರಿದನ್ನ?” ಎಂದಳು ಶಂಕ್ರೆವ್ವ.

“ಅದು ನನಗೇನ ಗೊತ್ತು? ಬರೂ ವಾರ ಗುರುವಾರ ಲಗ್ನದ ಅಕ್ಕಿಕಾಳ ಐತಿ. ಬುಧವಾರ ಮುಂಜಾನೆ ಬರ್ತೇನಿ. ಹನ್ನೊಂದೂ ಜಂಪರ್ ಕೈಯಾಗಿಡು. ಆದ್ರ ಕರೆಂಟಿನ ಕತಿ ಮಾತ್ರ ಮತ್ತ ಹೇಳಬ್ಯಾಡ.”

ಸಾತವ್ವ ಹೋದ ಮೇಲೂ ಆ ಕೊನೆಯ ಮಾತು ಅಲ್ಲೇ ಉಳಿಯಿತು. ಇಪ್ಪತ್ತೆರಡು ವರ್ಷಗಳಿಂದ ಶಂಕ್ರೆವ್ವ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದಳು. ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಾಳೆ ಎಂಬುದೇ ಅವಳ ಹೆಸರು. ಮೊಣಕಾಲು ನೋವು ಶುರುವಾಗಿ ಮಷಿನ್ನಿಗೆ ಮೋಟಾರು ಕೂಡಿಸಿದ ಮೇಲೆ ಆ ಹೆಸರು ಕರೆಂಟಿನ ಕೈಗೆ ಹೋಗಿತ್ತು. ಆದ್ದರಿಂದ ಅವಳು ಒಂದು ರೂಢಿ ಮಾಡಿಕೊಂಡಿದ್ದಳು. ಕರೆಂಟ್ ಹೋದಾಗ, ಬಂದಾಗ, ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಅಂಚಿನಲ್ಲಿ ಗೋಡೆ ಗಡಿಯಾರದ ಹೊತ್ತು ಬರೆಯುವುದು. ದಿನ ಮುಗಿದ ಮೇಲೆ ಅದನ್ನು ಅಳತೆ ಪುಸ್ತಕಕ್ಕೆ ಇಳಿಸುವುದು. ಎದೆ ಮೂವತ್ತಾರು, ತೋಳು ಒಂಬತ್ತು ಎಂಬ ಅಳತೆಗಳ ಪಕ್ಕದಲ್ಲೇ ಕರೆಂಟ್ ಹೋಗಿ ಬಂದ ಹೊತ್ತುಗಳೂ ಇರುತ್ತಿದ್ದವು. ಬಟ್ಟೆ ತಡವಾಯಿತೆಂದು ಜಗಳಕ್ಕೆ ಬಂದವರಿಗೆ ಅವಳು ಆ ಪುಟ ತೋರಿಸುತ್ತಿದ್ದಳು. ಅವರು ಸುಮ್ಮನಾಗುತ್ತಿದ್ದರು. ಈಗ ಆ ಪುಟದ ಎದುರಿಗೆ ಅಚ್ಚಾದ ಸುದ್ದಿ ಬಂದು ಕೂತಿತ್ತು.

ಅವಳು ಮಾರ್ಚ್ ತಿಂಗಳ ಪುಟಗಳನ್ನು ಮುಂದಿಟ್ಟುಕೊಂಡು ಕೂಡಿಸಿದಳು. ಎರಡು ಸಲ ಕೂಡಿಸಿದಳು. ಆಮೇಲೆ ಹೊರಗೋಡೆಗೆ ತೂಗುಹಾಕಿದ್ದ ಕರಿಹಲಗೆಯ ಮೇಲಿನ ಹೊಲಿಗೆ ದರಗಳನ್ನು ಒರೆಸಿ ಹೀಗೆ ಬರೆದಳು:

ಮಾರ್ಚ್ ತಿಂಗಳು. ಸಂಜೆ ಆರರಿಂದ ಹತ್ತರವರೆಗೆ, ಒಟ್ಟು 124 ತಾಸು.
ಕಂಪನಿ ಕರೆಂಟ್ ಇದ್ದದ್ದು 56 ತಾಸು.
ಬಾಬುಲಾಲನ ಜನರೇಟರ್ ಇದ್ದದ್ದು 49 ತಾಸು.
ಎರಡೂ ಇಲ್ಲದೆ ಚಿಮಣಿ ಹಚ್ಚಿದ್ದು 19 ತಾಸು.
ಅನುಮಾನ ಇದ್ದವರು ಒಳಗೆ ಬಂದು ಪುಸ್ತಕ ನೋಡಬಹುದು.

ಮೊದಲು ಬಂದವನು ಬಾಬುಲಾಲನೇ. ಓಣಿಯ ತುದಿಯಲ್ಲಿ ಅವನ ಕಿರಾಣಿ ಅಂಗಡಿ. ಅದರ ಹಿಂದೆ ಡೀಸೆಲ್ ಜನರೇಟರು. ಕಂಪನಿ ಕರೆಂಟ್ ಹೋದ ಸಂಜೆ ಅಲ್ಲಿಂದ ಅರವತ್ತು ಮನೆಗಳಿಗೆ ತಂತಿ ಹೋಗುತ್ತಿತ್ತು. ಅವನಲ್ಲಿ ಮೂರು ತರಹದ ಲೈನು ಇದ್ದವು: ಬರೀ ಬಲ್ಬು, ಬಲ್ಬು ಮತ್ತು ಫ್ಯಾನು, ಮತ್ತು ಅಂಗಡಿಯವರಿಗೆಂದೇ ಎರಡು ಟ್ಯೂಬ್‌ಲೈಟು. ಹೊಲಿಗೆ ಮೋಟಾರು ಎಳೆಯುವ ಲೈನು ಮಾತ್ರ ಇರಲಿಲ್ಲ. ಶಂಕ್ರೆವ್ವನ ಮನೆಯಲ್ಲಿ ಅವನದು ಒಂದು ಬಲ್ಬು.

“ಅಕ್ಕಾ, ಕಂಪನಿಯವರದ ಬರದ್ದು ಛಲೋ ಮಾಡಿದ್ರಿ. ನಂದ್ಯಾಕ ಬರದ್ರಿ?”

“ನೀನೂ ಬೆಳಕ ಮಾರಾಂವ ಅಲ್ಲೇನೋ? ಮಾರೋರೆಲ್ಲಾ ಹಲಗಿ ಮ್ಯಾಲ.”

“ನಲವತ್ತೊಂಬತ್ತ ಅಂತ ಬರದ್ರ ಕಡಿಮಿ ಕಾಣತೈತಿ ನೋಡ್ರಿ.”

“ಕಾಣೂದೇನು, ಕಡಿಮಿನ ಐತಿ. ಕರೆಂಟ್ ಹೋಗಿ ಇಪ್ಪತ್ತ ಮಿನಿಟ್ ಆದ ಮ್ಯಾಲ ಹ್ಯಾಂಡಲ್ ಹೊಡೀತಿ. ಹತ್ತಕ್ಕ ಬಂದ್ ಅಂತಿ, ಒಂಬತ್ತೂವರಿಗೆ ಗಪ್ ಆಗತೈತಿ. ಪುಸ್ತಕ ತರ್ಲೇನು?”

“ಬ್ಯಾಡ ಬಿಡ್ರಿ,” ಎಂದು ಬಾಬುಲಾಲ ನಕ್ಕ. ಅಂದು ಸಂಜೆ ಅವನ ಜನರೇಟರು ಕರೆಂಟ್ ಹೋದ ನಾಲ್ಕನೇ ನಿಮಿಷಕ್ಕೆ ಗುಡುಗಿತು.

ಎದುರು ಮನೆಯ ಹುಚ್ಚವ್ವ ಖಡಕ್ ರೊಟ್ಟಿ ಮಾರುವವಳು. ಸರಕಾರದ ಒಂದು ಬಲ್ಬಿನ ಯೋಜನೆಯಲ್ಲಿ ಅವಳ ಮನೆಗೆ ಕರೆಂಟ್ ಬಂದಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಹಲಗೆಯ ಮುಂದೆ ಸೇರಿದ ಹೆಂಗಸರು ಓದಿ ಹೇಳಿದ್ದನ್ನು ಕೇಳಿಸಿಕೊಂಡು ಒಳಗೆ ಬಂದಳು.

“ಯಕ್ಕಾ, ಇದು ನಿನ್ನ ಮನಿ ಲೆಕ್ಕ. ಪೇಪರಿನಾಂವ ನೂರ ಮಂದೀನ್ನ ಕೇಳೇನಿ ಅಂತಾನ. ನೀನೂ ಕೇಳು.”

“ಯಾರ ಹೇಳ್ತಾರ ಬೇ? ಲೈನ್‌ಮನ್ ಮಾನಪ್ಪ ಒಬ್ಬರಿಗೆ ಅಳಿಯ ಆಗಬೇಕು, ಒಬ್ಬರಿಗೆ ಮಾವ ಆಗಬೇಕು. ಹೆಸರ ಹಾಕಂದ್ರ ಎಲ್ಲಾರೂ ಛಲೋ ಐತ್ರಿ ಅಂತಾರ.”

“ಹೆಸರ್ಯಾಕ? ಕಾಳ ಹಾಕಸು.”

ಹಾಗೆ ಕಟ್ಟೆಯ ಮೇಲೆ ಮೂರು ಡಬ್ಬಿಗಳು ಬಂದವು. ಒಂದಕ್ಕೆ ತುಂಡು ವಾಯರು ಸುತ್ತಿದರು, ಅದು ಕಂಪನಿ. ಒಂದಕ್ಕೆ ಡೀಸೆಲ್ ಒರೆಸಿದ ಬಟ್ಟೆ ಕಟ್ಟಿದರು, ಅದು ಬಾಬುಲಾಲ. ಮೂರನೆಯದರ ಮುಂದೆ ಚಿಮಣಿಯನ್ನೇ ಇಟ್ಟರು. ಯಾರ ಬೆಳಕು ನಿಮಗೆ ಸಮಾಧಾನ ತಂದಿದೆಯೋ ಅವರ ಡಬ್ಬಿಗೆ ಮನೆಗೊಂದು ಜೋಳದ ಕಾಳು. ನೀರಿಗೆ ಹೋಗುವವರು, ಗಿರಣಿಗೆ ಹೋಗುವವರು, ಈ ಓಣಿ ಮತ್ತು ಪಕ್ಕದ ಓಣಿಯವರು ಮೂರು ದಿನ ಕಾಳು ಹಾಕಿದರು. ಶುಕ್ರವಾರ ಮಧ್ಯಾಹ್ನ ಹುಚ್ಚವ್ವ ಕಟ್ಟೆಯ ಮೇಲೆ ಸೆರಗು ಹರವಿ, ಕಣದಲ್ಲಿ ರಾಶಿ ಅಳೆಯುವವರ ಹಾಗೆ, ಒಂದು ಎನ್ನುವ ಬದಲು ‘ಲಾಭ’ ಎಂದೇ ಎಣಿಕೆ ಶುರು ಮಾಡಿದಳು.

“ಲಾಭ, ಎರಡು, ಮೂರು…”

ಕಂಪನಿಗೆ ಹದಿನಾಲ್ಕು. ಚಿಮಣಿಗೆ ಅರವತ್ತೊಂದು. ಬಾಬುಲಾಲನ ಡಬ್ಬಿ ಸುರಿದಾಗ ಮೂವತ್ತೇಳು ಜೋಳದ ಕಾಳುಗಳ ಜೊತೆಗೆ ಒಂದು ಹಿಡಿ ಹುರಿಗಡಲೆಯ ಪುಟಾಣಿ ಬಿದ್ದವು.

“ಕಿರಾಣಿ ಅಂಗಡ್ಯಾಂವ ಬಂದ ಹೋಗ್ಯಾನ,” ಎಂದು ಹುಚ್ಚವ್ವ ಪುಟಾಣಿಯನ್ನೆಲ್ಲ ಬಾಯಿಗೆ ಹಾಕಿಕೊಂಡಳು. “ಮುಂದಿನ ಸಲ ಬೆಲ್ಲಾನೂ ಹಾಕಂತ ಹೇಳ್ರಿ.”

ಹೆಂಗಸರು ಕಟ್ಟೆ ಹಿಡಿದುಕೊಂಡು ನಕ್ಕರು. ಶಂಕ್ರೆವ್ವ ನಗುತ್ತಲೇ ಹಲಗೆಗೆ ಇನ್ನೊಂದು ಸಾಲು ಸೇರಿಸಿದಳು: ಎರಡು ಓಣಿ, 112 ಮನೆ. ಕಂಪನಿಯಿಂದ ತೃಪ್ತರು 14.

ಶನಿವಾರ ಹನ್ನೊಂದು ಗಂಟೆಗೆ ಕರೆಂಟ್ ಆಫೀಸಿನ ಶಾಖಾಧಿಕಾರಿ ಚೇತನಕುಮಾರ ಬಂದ. ಬಸವನ ಬಾಗೇವಾಡಿ ಕಡೆಯ ಹುಡುಗ, ಮೂವತ್ತು ದಾಟಿರಲಿಲ್ಲ, ನಡೆನುಡಿಯಲ್ಲಿ ಮರ್ಯಾದೆಯವನು. ಬಗಲಲ್ಲಿ ಒಂದು ಫೈಲು. ಹಿಂದೆ ಮಾನಪ್ಪ ಬಂದು ಹೊರಗೇ ನಿಂತ. ಚೇತನಕುಮಾರ ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿ ಒಳಗೆ ಬಂದು ಕೂತ.

“ಅಕ್ಕಾರ, ಜೋಳದ ಕಾಳು ಎಣಿಸಿ ಸರ್ವೆ ಮಾಡೂದು ಎಲ್ಲಿ ಐತ್ರಿ?”

“ಕೇಳದs ಬರಕೊಳ್ಳೂದು ಎಲ್ಲೈತ್ರಿ ಸಾಹೇಬ್ರ?”

“ಕೇಳೇವ್ರಿ. ನಿಮ್ಮನ್ನೂ ಕೇಳೇವಿ.” ಅವನು ಫೈಲು ಬಿಚ್ಚಿ ಒಂದು ಹಾಳೆ ಮೇಜಿನ ಮೇಲಿಟ್ಟ. ಗ್ರಾಹಕರ ಹೆಸರು, ಮೀಟರ್ ನಂಬರು, ಐದು ಪ್ರಶ್ನೆಗಳು. ಐದಕ್ಕೂ ‘ಅತ್ಯಂತ ತೃಪ್ತಿ’ ಎಂಬ ಚೌಕದಲ್ಲಿ ಗುರುತು. ಕೆಳಗೆ ಜನವರಿಯ ತಾರೀಖು. ಅದರ ಕೆಳಗೆ ಸಹಿ.

ಸಹಿ ಅವಳದೇ. ಕೊನೆಯ ಒತ್ತಕ್ಷರಕ್ಕೆ ಬಾಲ ಎಳೆಯುವ ಅವಳದೇ ರೂಢಿ.

ಶಂಕ್ರೆವ್ವನಿಗೆ ನೆನಪಾಯಿತು. ಬಿಲ್ಲು ಕಟ್ಟುವ ಕಿಟಕಿ. ಹಿಂದೆ ನಲವತ್ತು ಮಂದಿಯ ಪಾಳಿ. ಗುಮಾಸ್ತ ಪಾವತಿಯ ಜೊತೆ ಇನ್ನೊಂದು ಹಾಳೆ ತಳ್ಳಿ, ಬೆರಳಿಟ್ಟು, “ಇಲ್ಲೊಂದ್ ಮಾಡ್ರಿ” ಎಂದಿದ್ದ. ಆ ಕಿಟಕಿಯಲ್ಲಿ ಯಾರೂ ಓದುವುದಿಲ್ಲ. ಓದಲು ನಿಂತರೆ ಹಿಂದಿನವರು ಗದ್ದಲ ಮಾಡುತ್ತಾರೆ, ಎದುರಿನ ಗುಮಾಸ್ತನಿಗೆ ಅವಮಾನವಾಗುತ್ತದೆ. ಬೆರಳು ಇಟ್ಟಲ್ಲಿ ಸಹಿ ಮಾಡಿ ಸರಿಯುವುದೇ ಅಲ್ಲಿಯ ಪದ್ಧತಿ. ಒಂದು ಇಂಚಿನ ಅಳತೆಯನ್ನು ಎರಡು ಸಲ ಹಿಡಿದು ನೋಡುವವಳು ಅಂದು ಹಾಗೆಯೇ ಮಾಡಿದ್ದಳು.

“ಗುರುತ ನಾ ಹಾಕಿಲ್ಲ,” ಎಂದಳು.

“ಸಹಿ ನಿಮ್ಮದೈತಿ. ತಿಂಗಳದಾಗ ಇಷ್ಟ ಫಾರ್ಮು ತುಂಬಸ್ರಿ ಅಂತ ಮ್ಯಾಲಿಂದ ಬಂದಿತ್ತು, ತುಂಬಿಸೇವಿ. ನಾ ನಿಮ್ಮ ಜೋಡಿ ಜಗಳಕ್ಕ ಬಂದಿಲ್ಲ.” ಚೇತನಕುಮಾರನ ಕಣ್ಣು ಮಷಿನ್ನಿನ ಕೆಳಗಿನ ಮೋಟಾರಿನ ಮೇಲೆ ನಿಂತಿತು. “ಇದು ಮನಿ ಬಳಕೆ ಮೀಟರ್ ಅಲ್ಲೇನ್ರಿ? ಇದರ ಮ್ಯಾಲ ಅಂಗಡಿ ನಡಸಾಕ ಬರೂದಿಲ್ಲ. ನಾ ನೋಡಿಲ್ಲ ಅಂತ ತಿಳೀರಿ. ಸೋಮವಾರದೊಳಗ ಹಲಗಿ ಒರಸ್ರಿ. ಒರಸಲಿಲ್ಲಂದ್ರ ನೋಡೇನಿ ಅಂತ ಬರೀಬೇಕಾಗತೈತಿ. ಆಮ್ಯಾಲ ಲೈನ್ ಕಡೀಬೇಕಾಗತೈತಿ.”

ಹೊರಗೆ ಹೋಗುವಾಗ ಅವನು ಚಪ್ಪಲಿ ಮೆಟ್ಟುತ್ತ, “ಚಹಾಕ್ಕ ಇನ್ನೊಮ್ಮಿ ಬರ್ತೇನ್ರಿ,” ಎಂದ.

ಗಂಡ ಖಂಡೆಪ್ಪ ಕಾಳುಕಡಿಯ ಅಡತಿ ಅಂಗಡಿಯಲ್ಲಿ ತೂಕ ಬರೆಯುವವನು. ಊಟಕ್ಕೆ ಬರುವಷ್ಟರಲ್ಲಿ ಅವನಿಗೆ ಎಲ್ಲ ಗೊತ್ತಾಗಿತ್ತು. ರೊಟ್ಟಿ ಮುರಿಯದೆ ಕೂತ.

“ಒರಸು. ಸಾತವ್ವನ ಏಳ ಜಂಪರ್ ಉಳದಾವ. ನಿನ್ನ ಮೊಣಕಾಲಿಗೆ ಮೋಟಾರ್ ಬೇಕು. ಊರ ಉಸಾಬರಿ ನಿನಗ್ಯಾಕ?”

“ಊರದಲ್ರಿ, ನಂದs ಐತಿ. ಸಾತವ್ವ ನನಗ ಸುಳ್ಳ ಹೇಳ್ತಿ ಅಂತ ಪೇಪರ್ ತೋರಿಸಿ ಹೋದ್ಲು. ಹಲಗಿ ಒರಸಿದ್ರ ಆಕಿ ಹೇಳಿದ್ದು ಖರೆ ಆಗತೈತಿ.”

“ಸಹಿ ಮಾಡೀಯಲ್ಲ!”

“ಮಾಡೇನಿ. ಅದನ್ನೂ ಬರೀತೇನಿ.”

“ತಲಿ ಕೆಟ್ಟೈತೇನ ನಿಂದು?”

“ನೋಡ್ರಿ, ಆ ಸಾಹೇಬನ ಕೈಯಾಗ ನನ್ನವು ಎರಡ ತಪ್ಪ ಅದಾವ. ಸಹಿ ಒಂದು, ಮೋಟಾರ್ ಒಂದು. ಅವು ಅವನ ಕೈಯಾಗ ಇರೂತನಕ ನಾ ಬಾಯಿ ಮುಚಗೊಂಡಿರಬೇಕು. ಎರಡೂ ನಾನs ಹೇಳಿಬಿಟ್ರ ಅವನ ಕೈಯಾಗ ಏನ ಉಳೀತೈತಿ?”

“ಕಟಿಂಗ್ ಪ್ಲೇಯರ್ ಉಳೀತೈತಿ,” ಎಂದ ಖಂಡೆಪ್ಪ. ಎದ್ದು ಕೈ ತೊಳೆದುಕೊಂಡು ಹೋದ.

ಭಾನುವಾರ ಮುಂಜಾನೆ ಶಂಕ್ರೆವ್ವ ಮೋಟಾರಿನ ಬೆಲ್ಟು ಬಿಚ್ಚಿ ಮೊಳೆಗೆ ತೂಗುಹಾಕಿದಳು. ಹಲಗೆಯ ಕೆಳಭಾಗದಲ್ಲಿ ಉಳಿದಿದ್ದ ಜಾಗದಲ್ಲಿ ಬರೆದಳು: ನಾನು ಜನವರಿಯಲ್ಲಿ ಓದದೆ ‘ಅತ್ಯಂತ ತೃಪ್ತಿ’ ಎಂಬ ಹಾಳೆಗೆ ಸಹಿ ಮಾಡಿದ್ದೇನೆ. ಅದು ಸುಳ್ಳು. ಮನೆ ಬಳಕೆಯ ಕರೆಂಟಿನಲ್ಲಿ ಇವತ್ತಿನವರೆಗೆ ಹೊಲಿಗೆ ಮೋಟಾರು ನಡೆಸಿದ್ದೇನೆ. ಅದು ತಪ್ಪು. ಮೇಲಿನ ಲೆಕ್ಕ ಮಾತ್ರ ಸರಿ. — ಶಂಕ್ರೆವ್ವ.

ಸೋಮವಾರ ಶಂಕ್ರೆವ್ವ ಕರೆಂಟ್ ಆಫೀಸಿಗೆ ಹೊರಟಾಗ ಹುಚ್ಚವ್ವ ತಾನೂ ಬರುತ್ತೇನೆಂದು ಬುಟ್ಟಿ ಇಟ್ಟು ಬಂದಳು. ಚೇತನಕುಮಾರನ ಮೇಜಿನ ಮೇಲೆ ಶಂಕ್ರೆವ್ವ ಎರಡು ಅರ್ಜಿ ಇಟ್ಟಳು. ಒಂದು, ಮನೆ ಬಳಕೆಯ ಮೀಟರಿನ ಜೊತೆಗೆ ಅಂಗಡಿ ದರದ ಬೇರೆ ಮೀಟರು ಕೊಡಬೇಕೆಂದು. ದರ ಹೆಚ್ಚೆಂದು ಗೊತ್ತು, ಒಪ್ಪಿದ್ದೇನೆ ಎಂದು ಅದರಲ್ಲೇ ಬರೆದಿದ್ದಳು. ಇನ್ನೊಂದು, ಜನವರಿಯ ಹಾಳೆಯಲ್ಲಿನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆಂದು.

“ಸಹಿ ವಾಪಸ್ ತಗೊಳ್ಳೂ ಪದ್ಧತಿ ಇಲ್ರಿ ಅಕ್ಕಾರ.”

“ಇಲ್ಲಂದ್ರ ಇವತ್ತ ಶುರು ಆಗಲಿ.”

“ಹಲಗಿ ಒರಸಿದ್ರ ಇಷ್ಟೆಲ್ಲಾ ಬೇಕಿರಲಿಲ್ಲ. ಈಗ ನೀವs ತಪ್ಪ ಬರದ ಕೊಟ್ರ ನಾ ಲೈನ್ ಕಡೀಲಿಕ್ಕೇಬೇಕು.”

“ಕಡೀರಿ. ಮೋಟಾರಿನ ಸಲುವಾಗಿ ಕಡದೇವಿ ಅಂತ ಕಾಗದದಾಗ ಬರೀರಿ. ಬಾಯಿ ಬಿಟ್ಟಿದ್ದಕ್ಕ ಕಡದ್ರಿ ಅಂತ ನಾ ಅನ್ನೂದಿಲ್ಲ, ಬಾಯಿ ಮುಚ್ಚಿದ್ದಕ್ಕ ಬಿಟ್ಟೇವಿ ಅಂತ ನೀವೂ ಅನ್ನಬ್ಯಾಡ್ರಿ. ನನಗ ಅಷ್ಟs ಬೇಕಾಗಿತ್ತು. ಠಸ್ಸೆ ಹೊಡೀರಿ.”

ಬಿಲ್ಲಿನ ಪಾಳಿಯಲ್ಲಿದ್ದವರು ಬಾಗಿಲಿಗೆ ಬಂದು ನಿಂತಿದ್ದರು. ಹುಚ್ಚವ್ವ ಮೇಜಿನ ಮೇಲೆ ಬಾಗಿದಳು.

“ಯಪ್ಪಾ, ಅದರಾಗ ನನ್ನ ಹೆಬ್ಬಟ್ಟೂ ಐತೇನು ನೋಡು.”

ಚೇತನಕುಮಾರ ಮೊದಲು ಗದರಲು ನೋಡಿದ. ಬಾಗಿಲಿನ ಕಡೆ ಕಣ್ಣು ಹಾಯಿಸಿ ಫೈಲು ತಿರುವಿದ. ಇತ್ತು. ಮಾಸಿದ ನೀಲಿ ಹೆಬ್ಬೆರಳು. ಐದಕ್ಕೂ ‘ಅತ್ಯಂತ ತೃಪ್ತಿ’ ಎಂದು ಶಂಕ್ರೆವ್ವ ಓದಿ ಹೇಳಿದಳು.

“ನಮ್ಮನ್ಯಾಗಿರೂದು ಒಂದ ಬಲ್ಬು. ಅದು ಹತ್ತಿದ್ರ ಹಬ್ಬ. ಅತ್ಯಂತ ಅಂತ ಯಾರ ಹೇಳಿದ್ರು ನಿಮಗ? ತಿರುಗಿ ಕೊಡ್ರಿ ನಂದು!”

ಯಾರೋ ಹಿಂದಿನಿಂದ, “ನಂದೂ ನೋಡ್ರಿ ಸಾಹೇಬ್ರ,” ಎಂದರು. ಇನ್ನೊಬ್ಬರು ಮೀಟರ್ ನಂಬರು ಕೂಗಿದರು. ಚೇತನಕುಮಾರ ಶಂಕ್ರೆವ್ವನ ಎರಡನೇ ಅರ್ಜಿಯನ್ನು ಮತ್ತೊಮ್ಮೆ ಓದಿದ. ತಿದ್ದಲು ಅದರಲ್ಲಿ ಒಂದು ಮಾತೂ ಸಿಗಲಿಲ್ಲ. ಎರಡಕ್ಕೂ ಠಸ್ಸೆ ಹೊಡೆದು ನಕಲು ಕೈಗೆ ಕೊಟ್ಟ. “ನಾಳೆ ಮಾನಪ್ಪ ಬರ್ತಾನ್ರಿ,” ಎಂದ. ಈ ಸಲ ಚಹಾದ ಮಾತು ಎತ್ತಲಿಲ್ಲ.

ಏಪ್ರಿಲ್ ಇಪ್ಪತ್ತೆರಡು, ಮಂಗಳವಾರ, ಮಾನಪ್ಪ ಏಣಿ ಹೊತ್ತು ಬಂದ. ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಯಾರೂ ಅವನನ್ನು ಮಾತಾಡಿಸಲಿಲ್ಲ. ಫರಸಿಗಲ್ಲು ಎತ್ತರ ತಗ್ಗಾಗಿದ್ದ ಜಾಗದಲ್ಲಿ ಏಣಿ ಅಲುಗಾಡಿತು. ಶಂಕ್ರೆವ್ವ ಹೋಗಿ ಎರಡೂ ಕೈಯಿಂದ ಹಿಡಿದಳು.

“ಅಕ್ಕಾರ, ನೀವ್ಯಾಕ ಹಿಡೀತೀರಿ? ನನಗs ನಾಚಿಕಿ ಬರಾಕತ್ತೈತಿ.”

“ಬಿದ್ದಗಿದ್ದಿ. ಆಮ್ಯಾಲ ಓಣಿಯವರು ಕೆಡವಿದ್ರು ಅಂತ ಆಗತೈತಿ. ಹತ್ತು.”

ತಂತಿ ಕಡಿದು ಸುರುಳಿ ಸುತ್ತಿಕೊಂಡು ಅವನು ಇಳಿದ.

“ಟೈಮ್ ಎಷ್ಟಾತಪ್ಪಾ?”

ಮಾನಪ್ಪ ಕೈಗಡಿಯಾರ ನೋಡಿದ. “ಹನ್ನೊಂದು ನಲವತ್ತು.” ಏಣಿ ಹೆಗಲಿಗೇರಿಸಿಕೊಂಡವನು ಎರಡು ಹೆಜ್ಜೆ ಹೋಗಿ ತಿರುಗಿದ. “ನನ್ನ ಹೆಸರ ಹಲಗಿ ಮ್ಯಾಲ ಬರೀಬ್ಯಾಡ್ರಿ ಮತ್ತ.”

“ಹೆಸರ ಬ್ಯಾಡ. ಟೈಮ್ ಸಾಕು.”

ಅವಳು ಬರೆದಳು. ಒಳಗೆ ಬಂದಾಗ ಖಂಡೆಪ್ಪ ಮಷಿನ್ನಿನ ಕೆಳಗೆ ಕೂತು ಹಳೆಯ ಕಾಲುಗಾಲಿಗೆ ಚರ್ಮದ ಬೆಲ್ಟು ಏರಿಸುತ್ತಿದ್ದ. ಅಡತಿ ಅಂಗಡಿಗೆ ಹೋಗಿರಲಿಲ್ಲ. ಬೆಲ್ಟು ಹೊಸದು, ಸಂತೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಶಂಕ್ರೆವ್ವ ಸ್ಟೂಲು ಎಳೆದುಕೊಂಡಳು. ಕೂತು ತುಳಿದಳು. ಬಲ ಮೊಣಕಾಲು ಚುರ್ ಎಂದಿತು. ಎಡಗಾಲಿಗೆ ಭಾರ ಕೊಟ್ಟು ಇನ್ನೊಮ್ಮೆ ತುಳಿದಳು. ಮಷಿನ್ನು ಓಡಿತು.

“ಎಷ್ಟ ಉಳದಾವ?” ಎಂದ ಖಂಡೆಪ್ಪ.

“ನಾಲ್ಕ. ಅವು ಬಿಟ್ಟು ಮೂರು ಹೊಲದೇನಿ, ಹುಕ್ಕ ಹಚ್ಚಬೇಕು.”

“ತಾ ಇಲ್ಲಿ. ಹುಕ್ಕ ನಾ ಹಚ್ತೇನಿ.” ಅವನು ಸೂಜಿಯನ್ನು ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದ. “ದಾರ ಪೋಣಿಸಿ ಕೊಡು. ಒಳಗ ಕತ್ತಲಿ, ಕಾಣವಲ್ದು.”

“ಹೊರಗ ಕಟ್ಟಿ ಮ್ಯಾಲ ಕುಂಡ್ರ್ರಿ. ಬೆಳಕ ಐತಿ.”

ಕಟ್ಟೆಯ ಮೇಲೆ ಕೂತರೆ ತಲೆಯ ಮೇಲೇ ಹಲಗೆ. ಎದುರಿಗೆ ಕರೆಂಟ್ ಆಫೀಸಿಗೆ ಹೋಗುವ ದಾರಿ. ಅವನ ಅಡತಿಯ ಸಾಹುಕಾರರೂ ಅಲ್ಲೇ ಹಾಯ್ದು ಹೋಗುತ್ತಾರೆ. ಖಂಡೆಪ್ಪ ಹೊಸ್ತಿಲಲ್ಲಿ ತುಸು ಹೊತ್ತು ನಿಂತ. ಆಮೇಲೆ ಮೂರು ಜಂಪರುಗಳನ್ನು ಹೆಗಲಿಗೆ ಹಾಕಿಕೊಂಡು, ಹುಕ್ಕಿನ ಪೊಟ್ಟಣ ಹಿಡಿದು, ಹೋಗಿ ಹಲಗೆಯ ಕೆಳಗೆ ಕೂತ.